ಆಮೆಗೆ ಹಾಲಲ್ಲ, ನೀರು ಬೇಕು

ನೆಲದ ಆಮೆಗೆ ಸೊಪ್ಪಿನ ತೇವವೇ ಸಾಕು, ಸೊರಗಿದರೆ ಬಾಯಿಗೆ ಹಾಲು ಹನಿಸಬೇಕು ಎಂಬ ಸಂದೇಶ ಹುಬ್ಬಳ್ಳಿ-ಧಾರವಾಡದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಬೇಸಿಗೆಗೊಮ್ಮೆ ಮರಳಿ ಬರುತ್ತದೆ. ಕಳಿಸುವವರ ಕಾಳಜಿ ನಿಜ, ಮಾಹಿತಿ ಮಾತ್ರ ತಪ್ಪು. ಆಮೆ ಸಸ್ತನಿಯಲ್ಲ, ಹಾಲಿನ ಸಕ್ಕರೆ ಅದಕ್ಕೆ ಅರಗುವುದಿಲ್ಲ, ಬಲವಂತವಾಗಿ ಸುರಿದ ದ್ರವ ಶ್ವಾಸಕೋಶಕ್ಕೂ ಇಳಿಯಬಹುದು. ಕಣ್ಣು ಗುಳಿಬಿದ್ದು, ಮೂತ್ರದೊಂದಿಗೆ ಬರುವ ಬಿಳಿ ಅಂಶ ಮರಳಿನಂತೆ ಗಟ್ಟಿಯಾಗಿದ್ದರೆ ನೀರಿನ ಕೊರತೆಯಿರಬಹುದೆಂದು ತಿಳಿದು, ಗದ್ದಕ್ಕಿಂತ ಕೆಳಗೇ ನಿಲ್ಲುವಷ್ಟು ಉಗುರುಬೆಚ್ಚನೆಯ ನೀರಿನಲ್ಲಿ 15ರಿಂದ 20 ನಿಮಿಷ ಕಣ್ಣೆದುರೇ ಇರಿಸಿದರೆ ಅದು ತಾನಾಗಿ ಕುಡಿಯಬಲ್ಲದು. ಆದರೂ ಪಶುವೈದ್ಯರಿಗೆ ತೋರಿಸುವುದನ್ನು ಮುಂದೂಡಬಾರದು. ಇಂಥ ಸಂದೇಶ ಬಂದಾಗ ಅದರಲ್ಲಿ ಆಮೆಯ ಜಾತಿ, ಬರೆದವರ ಹೆಸರು, ಸಲಹೆಗೆ ಕಾರಣ ಇವೆಯೇ ಎಂದು ನೋಡಿ, ಇಲ್ಲದಿದ್ದರೆ ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಕೇಳಬಹುದು. ಮನೆಯಲ್ಲಿರುವುದು ನಕ್ಷತ್ರ ಆಮೆಯಾದರೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅದನ್ನು ಸಾಕುವಂತಿಲ್ಲ. ಅರಣ್ಯ ಇಲಾಖೆಗೆ ತಿಳಿಸಬೇಕು.