ಬಾಗಲಾ ಬಂತಂತ ತಿಳ್ಕೊ

ಇವತ್ತು ಬೆಳಿಗ್ಗೆ ಹುಬ್ಬಳ್ಳಿಯಲ್ಲಿ ಚಹಾ ಕಪ್ಪು ಇನ್ನೂ ಕೈಯಲ್ಲಿರುವಾಗಲೇ ವೈನಿಯ, ಅಂದರೆ ಅಣ್ಣನ ಹೆಂಡತಿಯ, ಫೋನ್ ಬಂತು. ‘ಆಡು ಯರಲವ ತಿಂದೈತಿ’ ಅಂದರು. ಯಾವುದೋ ಸೊಪ್ಪಿರಬೇಕು ಅಂದುಕೊಂಡು, ‘ಹೊಟ್ಟಿ ಉಬ್ಬೈತೇನು?’ ಅಂತ ಕೇಳಿದೆ.

ಸೊಪ್ಪಲ್ಲ, ಅಕ್ಷರ. ಗದಗ ಕಡೆಯ ನಮ್ಮೂರ ಸಾಲಿಯ ಮೂರನೇ ಕೋಣೆಯಲ್ಲಿ ವೈನಿ ತಾವೇ ಕೂತು ಬರೆದು ತೂಗುಹಾಕಿದ್ದ ವರ್ಣಮಾಲೆಯ ಚಾರ್ಟು. ಆಡು ಬೆಂಚಿನ ಮೇಲೆ ಮುಂಗಾಲಿಟ್ಟು ನಿಂತು ಕೆಳಗಿನ ಸಾಲನ್ನು ನೀಟಾಗಿ ಮೇಯ್ದಿದೆ. ಯ ಇಂದ ಳ ತನಕ ಈಗ ಅದರ ಹೊಟ್ಟೆಯಲ್ಲಿದೆ. ನಮ್ಮೂರ ಹುಡುಗರು ಆನೆ ನೋಡಿದ್ದಕ್ಕಿಂತ ಆಡು ನೋಡಿದ್ದು ಜಾಸ್ತಿ ಅಂತ ವೈನಿ ‘ಆ’ ಅಕ್ಷರಕ್ಕೆ ಆಡನ್ನೇ ಬರೆದಿದ್ದರು. ಅದೊಂದನ್ನು ಮುಟ್ಟಿಲ್ಲ. ಹುಡುಗರಿಗೆ ಅದೇ ದೊಡ್ಡ ಸುದ್ದಿ. ‘ತನ್ನ ಫೋಟೋ ಬಿಟ್ಟೈತ್ರಿ ಟೀಚರ್!’

ಆಡಿನ ಮೇಲೆ ನನಗೇನೂ ಸಿಟ್ಟಿಲ್ಲ. ನನ್ನ ಸಿಟ್ಟೆಲ್ಲ ಬಾಗಿಲಿನ ಮೇಲೆ. ಇಲ್ಲದ ಬಾಗಿಲಿನ ಮೇಲೆ.

ಅಣ್ಣ, ವೈನಿ ಇಬ್ಬರೂ ಮಾಸ್ತರಿಕೆ ಮಾಡಿದವರು. ಊರಿನ ಸಣ್ಣ ಸಣ್ಣ ಮಕ್ಕಳು ಬೆಳಿಗ್ಗೆ ಏಳಕ್ಕೇ ವ್ಯಾನಿನಲ್ಲಿ ಉಳ್ಳಾಗಡ್ಡಿ ಚೀಲದ ಹಾಗೆ ತುಂಬಿಕೊಂಡು ಪೇಟೆಗೆ ಹೋಗೋದನ್ನು ನೋಡಲಾರದೆ ಹಿತ್ತಲ ಜಾಗದಲ್ಲಿ ಸಾಲಿ ಕಟ್ಟೋಣ ಅಂದರು. ಫೀ ಊರಿನವರ ಕೈಗೆ ಎಟುಕಬೇಕು. ಹಾಗಾಗಿ ಖರ್ಚೂ ನಮ್ಮ ಕೈಗೆ ಎಟುಕಬೇಕು. ‘ಊರ ಮಂದಿ ಕೂಡಿದರ ಆತು’ ಅಂದ ಅಣ್ಣ. ಊರ ಮಂದಿ ಕೂಡಿದರು. ಕೂಡೋದರಲ್ಲಿ ನಮ್ಮವರು ಎಂದೂ ಹಿಂದೆ ಬಿದ್ದಿಲ್ಲ.

ಎರಿ ಭೂಮಿಯಲ್ಲಿ, ಅಂದರೆ ಕಪ್ಪು ಮಣ್ಣಿನಲ್ಲಿ, ಮನೆ ಕಟ್ಟಿದವರಿಗೆ ಗೊತ್ತಿರುತ್ತೆ. ಬ್ಯಾಸಿಗೆಯಲ್ಲಿ ಕೈ ತೂರುವಷ್ಟು ಬಿರುಕು, ಮಳೆ ಬಿದ್ದರೆ ಹಿಟ್ಟಿನ ಹಾಗೆ ಉಬ್ಬು. ಮೇಲೆ ಮೇಲೆ ಪಾಯ ಹಾಕಿದರೆ ಗೋಡೆ ಸೀಳೋದು ಗ್ಯಾರಂಟಿ. ಕೆಳಗಿನ ಗಟ್ಟಿ ಗರಸು ಮಣ್ಣು ಸಿಗುವ ತನಕ ತೋಡಲೇಬೇಕು. ಸೋಮವಾರ ಬಸವಣ್ಣನ ವಾರ, ಎತ್ತು ಹೂಡೋದಿಲ್ಲ. ಮಂದಿ ಖಾಲಿ ಇರುತ್ತಾರೆ. ಹಾಗಾಗಿ ನಮ್ಮ ಪಾಯ ಸೋಮವಾರದಿಂದ ಸೋಮವಾರಕ್ಕೆ ಇಳಿಯಿತು. ಇಪ್ಪತ್ತು ಮಂದಿ ಬರೋರು, ಎರಡು ಗುದ್ದಲಿ ಇರೋವು. ಉಳಿದ ಹದಿನೆಂಟು ಮಂದಿ ದಂಡೆಯ ಮೇಲೆ ಕೂತು ಸಲಹೆ ಕೊಡೋರು. ನೀರು ಹೊತ್ತವರು, ಮಣ್ಣು ಹೊತ್ತವರು, ಮೇಲೆ ರೊಟ್ಟಿ-ಝುಣಕ ತಂದವರು ಹೆಣ್ಣುಮಕ್ಕಳು. ಫೋಟೋದಲ್ಲಿ ಮಾತ್ರ ಸಲಹೆಗಾರರೇ ಮುಂದಿದ್ದಾರೆ.

ಗೋಡೆಯದ್ದು ಇನ್ನೊಂದು ಕಥೆ. ಇಟ್ಟಿಗೆಯನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ, ನಡುವೆ ಟೊಳ್ಳು ಬಿಟ್ಟು ಕಟ್ಟುವ ಪದ್ಧತಿ ಇದೆ. ಕೇರಳದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಅವರು ಅದನ್ನು ಬಳಸಿ ಎಷ್ಟೋ ಕಟ್ಟಡ ಕಟ್ಟಿದರು. ಸುಮಾರು ಕಾಲು ಪಾಲು ಇಟ್ಟಿಗೆ ಉಳಿಯುತ್ತೆ, ಒಳಗೆ ತಂಪೂ ಇರುತ್ತೆ. ಒಂದೇ ತೊಂದರೆ, ಅದರ ಹೆಸರು ಇಲಿಬೋನು. ಅಣ್ಣ ಆ ಹೆಸರನ್ನು ಗೌಂಡಿಗೆ ಹೇಳಬಾರದಿತ್ತು. ಸಂಜೆಯೊಳಗೆ ಊರ ತುಂಬ ಸುದ್ದಿ: ‘ಮಾಸ್ತರು ಸಾಲಿ ಗ್ವಾಡ್ಯಾಗ ಇಲಿ ಸಾಕತಾರಂತ!’

ಮೂರು ಕೋಣೆ ಎದ್ದವು. ಎರಡಕ್ಕೆ ಅಜ್ಜನ ಕಾಲದ ಹಳೇ ಮನೆಯ ಸಾಗವಾನಿ ಬಾಗಿಲು ಬಿಚ್ಚಿ ತಂದು ಕೂಡಿಸಿದೆವು. ಅವು ಗಿಡ್ಡ. ಒಳಗೆ ಹೋಗೋವಾಗ ದೊಡ್ಡವರು ಬಗ್ಗಲೇಬೇಕು. ಬಗ್ಗದವರ ಹಣೆಗೆ ವೈನಿ ಅರಿಶಿಣ ಹಚ್ಚುತ್ತಾರೆ. ಮೂರನೆಯದು ಕಾಕಾಂದು.

ಪಾಯದ ಪೂಜೆಯ ದಿನ ಹನಮಪ್ಪನ ಗುಡಿ ಮುಂದೆ ಕಾಕಾ ಎದ್ದು ನಿಂತಿದ್ದರು. ಏನು ಹೇಳಬೇಕಾದರೂ ಕಾಕಾ ಕಣಗಿನಹಾಳದಿಂದಲೇ ಶುರುಮಾಡೋದು. ‘1905ರಾಗ ಸಿದ್ದನಗೌಡ ಪಾಟೀಲ್ರು ಇಲ್ಲೇ ಕಣಗಿನಹಾಳದಾಗ ಸಹಕಾರ ಸಂಘ ಕಟ್ಟಿದ್ರು. ದೇಶದ ಮೊದಮೊದಲ ಸಂಘದಾಗ ಒಂದು! ನಾವೇನು ಒಂದು ಸಾಲಿ ಕಟ್ಟಲಾರದವರೇನು? ಮೂರನೇ ಕೋಣೀ ಬಾಗಲಾ ನಂದು. ಬಂತಂತ ತಿಳ್ಕೊರಿ.’ ಚಪ್ಪಾಳೆ ಬಿತ್ತು. ಕಾಯಿ ಒಡೆಯಿತು. ನಾವು ತಿಳ್ಕೊಂಡೆವು.

ಎರಡು ವರ್ಷದಿಂದ ತಿಳ್ಕೊಂಡೇ ಇದ್ದೇವೆ.

ಮೊದಲು ‘ಹೆಸರು ಬರ್ಲಿ’ ಅಂದರು. ಹೊಲದಲ್ಲಿ ಹೆಸರಿನ ಬೆಳೆ ಬಂತು. ಕೊಯ್ಲಿನ ಹೊತ್ತಿಗೆ ಮಳೆಯೂ ಬಂತು, ಕಾಯಲ್ಲೇ ಮೊಳಕೆ ಒಡೆಯಿತು. ‘ಕಡ್ಲಿ ಬರ್ಲಿ’ ಅಂದರು. ಕಡಲೆ ಬಂತು, ಜೊತೆಗೆ ಮಗಳ ಕುಬಸ (ಸೀಮಂತ) ಬಂತು. ಆಮೇಲೆ ‘ಉಳ್ಳಾಗಡ್ಡಿ ರೇಟ್ ಏರ್ಲಿ’. ಏರಿತು. ಕಾಕಾ ಮಾರಿದ ಮರುವಾರ.

ಕಾಕಾ ಸುಳ್ಳುಗಾರರಲ್ಲ, ಅದೇ ತಲೆಬಿಸಿ. ಅವರಿಗೆ ಬಾಗಿಲು ನಿಜವಾಗಲೂ ಬಂದಿದೆ. ಮನಸ್ಸಿನಲ್ಲಿ ಚಿಲಕ ಹಾಕಿ, ಬಣ್ಣ ಹೊಡೆದು, ಕೀಲಿಗೆ ಎಣ್ಣೆ ಬಿಟ್ಟಾಗಿದೆ. ಭೂತ, ವರ್ತಮಾನ, ಭವಿಷ್ಯ ಅಂತ ನಾವು ಮೂರೇ ಕಾಲ ಓದಿದ್ದು. ವೈನಿ ಹೇಳುವ ಪ್ರಕಾರ ನಾಲ್ಕನೆಯದೊಂದಿದೆ, ತಿಳ್ಕೊ ಕಾಲ. ಕಾಕಾ ‘ಬಸ್ ಬಂತಂತ ತಿಳ್ಕೊ’ ಅಂದರೆ ನಡೆಯೋಕೆ ಶುರುಮಾಡಬೇಕು. ‘ಮಳಿ ನಿಂತಂತ ತಿಳ್ಕೊ’ ಅಂದರೆ ಛತ್ರಿ ಹುಡುಕಬೇಕು. ಹೋದ ತಿಂಗಳು ವೈನಿ ಎರಡನೇ ಇಯತ್ತೆಯ ಹುಡುಗನಿಗೆ ‘ಹೋಂವರ್ಕ್ ಮಾಡಿಯೇನೋ?’ ಅಂದರಂತೆ. ‘ಮಾಡೇನಂತ ತಿಳ್ಕೊರಿ ಟೀಚರ್’ ಅಂದನಂತೆ.

ಸುಮ್ನೆ ನಾವೇ ಒಂದು ಬಾಗಿಲು ತಂದು ಹಾಕಿದರಾಯ್ತಲ್ಲ ಅಂತ ನೀವು ಕೇಳಬಹುದು. ನಾನೂ ಕೇಳಿದ್ದೆ. ಬೆಟಗೇರಿಯಲ್ಲಿ ಒಬ್ಬ ವೆಲ್ಡಿಂಗ್‌ನವನ ಹತ್ತಿರ ಕಬ್ಬಿಣದ ಬಾಗಿಲಿಗೆ ರೇಟೂ ಕೇಳಿ ಬಂದೆ. ಕಾಕಾಗೆ ಗೊತ್ತಾಯ್ತು. ಎರಡು ದಿನ ನಮ್ಮ ಮನೆಯಲ್ಲಿ ನೀರು ಮುಟ್ಟಲಿಲ್ಲ. ಗುಡಿ ಮುಂದೆ ಕೊಟ್ಟ ಮಾತು, ಅದನ್ನು ಇನ್ನೊಬ್ಬರು ತೀರಿಸಿದರೆ ಊರಲ್ಲಿ ಮುಖ ತೋರಿಸೋದು ಹೇಗೆ, ಅಲ್ವಾ? ಅಣ್ಣ ನನ್ನ ಮೇಲೇ ರೇಗಿದ. ಶಿಕ್ಷಣ ಹಕ್ಕು ಕಾಯ್ದೆ ಹೇಳಿ ಹೆದರಿಸಲೂ ನೋಡಿದೆ. 2009ರ ಆ ಕಾಯ್ದೆಯ ಕೊನೆಗೆ ಶಾಲೆಗೆ ಏನೇನು ಇರಬೇಕು ಅನ್ನೋ ಪಟ್ಟಿ ಇದೆ. ಎಲ್ಲ ಹವಾಮಾನಕ್ಕೂ ತಡೆಯುವ ಕಟ್ಟಡ, ಒಬ್ಬ ಶಿಕ್ಷಕರಿಗೆ ಒಂದಾದರೂ ಕೋಣೆ, ಗಂಡುಮಕ್ಕಳಿಗೆ ಹೆಣ್ಣುಮಕ್ಕಳಿಗೆ ಬೇರೆ ಬೇರೆ ಶೌಚಾಲಯ, ಕುಡಿಯುವ ನೀರು, ಆಟದ ಬಯಲು, ಸುತ್ತ ಗೋಡೆ ಇಲ್ಲವೇ ಬೇಲಿ. ಕಾಕಾ ಕಣ್ಣು ಮುಚ್ಚಿ ಪೂರ್ತಿ ಕೇಳಿಸಿಕೊಂಡು, ‘ಇದರಾಗ ಬಾಗಲಾ ಎಲ್ಲೈತಿ?’ ಅಂದರು. ಮತ್ತೆ ಓದಿದೆ. ಹೌದು, ಬಾಗಿಲು ಅಂತ ಎಲ್ಲೂ ಬರೆದಿಲ್ಲ. ಎಲ್ಲ ಹವಾಮಾನವೂ ಮೂರನೇ ಕೋಣೆಯ ಒಳಗೇ ಬರುತ್ತೆ ಅಂದೆ. ‘ಗಾಳಿ ಬೆಳಕು ಛಲೋ’ ಅಂದರು.

ಹಾಗಾದರೆ ಎರಡು ವರ್ಷ ಆಡು ಯಾಕೆ ನುಗ್ಗಲಿಲ್ಲ? ಇದು ನನಗೂ ಹೊಳೆದಿರಲಿಲ್ಲ, ಇವತ್ತು ವೈನಿ ಹೇಳಿದ ಮೇಲೆ ಗೊತ್ತಾಯ್ತು. ಸಾಲಿ ಶುರುವಾದ ದಿನದಿಂದ ಕಾಕಾ ದಿನಾ ಬೆಳಿಗ್ಗೆ ಬಂದು ಆ ಕೋಣೆಯ ಹೊಸ್ತಿಲ ಮೇಲೆ ಕೋಲು ಅಡ್ಡ ಇಟ್ಟುಕೊಂಡು ಕೂರುತ್ತಾರಂತೆ. ಸಂಜೆ ಸಾಲಿ ಬಿಟ್ಟ ಮೇಲೆ ಜಾಲಿ ಮುಳ್ಳು ಎಳೆದು ಅಡ್ಡ ಹಾಕಿ ಹೋಗೋದು, ಬೆಳಿಗ್ಗೆ ತೆಗೆಯೋದು, ಎಲ್ಲ ಅವರೇ. ನಾಯಿ, ಕೋಳಿ, ತಡವಾಗಿ ಬಂದ ಹುಡುಗರು, ಯಾರೂ ಅವರನ್ನು ದಾಟುವ ಹಾಗಿಲ್ಲ. ಕಾಕಾ ಎರಡನೇ ಇಯತ್ತೆಗೇ ಸಾಲಿ ಬಿಟ್ಟವರು. ಮನೆಯ ಆಡು ಕಾಯೋಕೆ ಯಾರೂ ಇರಲಿಲ್ಲ. ಒಳಗೆ ಹದಿಮೂರರ ಮಗ್ಗಿ ಶುರುವಾದರೆ ಹೊಸ್ತಿಲ ಮೇಲೆ ಕಾಕಾನ ತುಟಿಯೂ ಅಲ್ಲಾಡುತ್ತೆ ಅಂದರು ವೈನಿ. ಹದಿಮೂರೆಂಟ್ಲೆ ಬಂದಾಗ ನಿಂತುಬಿಡುತ್ತೆ, ಮತ್ತೆ ಹದಿಮೂರು ಹತ್ಲೆಗೆ ಕೂಡಿಕೊಳ್ಳುತ್ತೆ. ಎರಡು ವರ್ಷದಿಂದ ಅಷ್ಟೇ.

ಇವತ್ತು ಕಾಕಾ ಮುಳ್ಳು ತೆಗೆದಿಟ್ಟು, ಮೊದಲ ಬಸ್ಸಿಗೆ ಗದಗಕ್ಕೆ ಹೋಗಿದ್ದರು. ಮಾರ್ಕೆಟ್ಟಿನಲ್ಲಿ ಉಳ್ಳಾಗಡ್ಡಿ ರೇಟು ನೋಡೋಕೆ. ಅಂದರೆ ಬಾಗಿಲೇ ಗದಗಕ್ಕೆ ಹೋಗಿತ್ತು. ದಿನಾ ಕಾಕಾನ ಹಿಂದೆಯೇ ಬರುವ ಆಡು ಹೊಸ್ತಿಲ ಹತ್ತಿರ ಬಂದು ನೋಡಿದೆ, ಯಾರೂ ಇಲ್ಲ. ಹುಡುಕಿಕೊಂಡು ಒಳಗೆ ಹೋಗಿದೆ.

ಹೌದು, ಆಡು ಕಾಕಾಂದೇ.

ಹರಿದ ಚಾರ್ಟಿನ ಫೋಟೋ ವೈನಿ ಕಳಿಸಿದ್ದಾರೆ. ಲ ಇಲ್ಲ, ಬಾಗಿಲು ಅಂತ ಬರೆಯೋ ಹಾಗಿಲ್ಲ. ಳ ಇಲ್ಲ, ಉಳ್ಳಾಗಡ್ಡಿಯೂ ಇಲ್ಲ. ಭಾನುವಾರ ಬರೋವಾಗ ಹುಬ್ಬಳ್ಳಿಯಿಂದ ಒಂದು ದಪ್ಪನೆಯ ಪ್ಲಾಸ್ಟಿಕ್ ಚಾರ್ಟು ತರ್ತೀನಿ ಅಂತ ಮೆಸೇಜ್ ಹಾಕಿದೆ. ಹತ್ತು ನಿಮಿಷಕ್ಕೆ ಫೋನ್ ಬಂತು. ಹಿಂದೆ ಮಾರ್ಕೆಟ್ಟಿನ ಗದ್ದಲ, ಯಾರೋ ರೇಟು ಕೂಗುತ್ತಿದ್ದರು.

‘ನೀ ಏನೂ ತರಬ್ಯಾಡ. ನನ್ನ ಆಡು ತಿಂದಿದ್ದು, ನಾನ ತರತೇನಿ. ಚಾರ್ಟ್ ಬಂತಂತ ತಿಳ್ಕೊ.’