ಸ್ಪಷ್ಟನೆ: ಫೋಟೊ ಫಾರ್ವರ್ಡ್ ಮಾಡಿದ ಮಾತ್ರಕ್ಕೆ ಆಶ್ರಯ ಸಿಗದು

‘ಫುಟ್‌ಪಾತ್‌ನಲ್ಲಿ ಮಲಗಿದವರ ಫೋಟೊ ಗ್ರೂಪಿಗೆ ಹಾಕಿ, ಜಾಗ ಫೋಟೊದಲ್ಲೇ ಇರುತ್ತದೆ, ಆಶ್ರಯ ಕೇಂದ್ರದ ಸಿಬ್ಬಂದಿ ಬಂದು ಕರೆದೊಯ್ಯುತ್ತಾರೆ’ ಎಂದು ಹರಿದಾಡುತ್ತಿರುವ ಸಂದೇಶ ತಪ್ಪು. ಫೋಟೊ ಆಗಿ ಕಳಿಸಿದ ಚಿತ್ರದಿಂದ ವಾಟ್ಸ್‌ಆ್ಯಪ್ ಜಿಪಿಎಸ್ ವಿವರ ತೆಗೆದುಹಾಕುತ್ತದೆ. ಲೊಕೇಶನ್ ಬೇರೆಯಾಗಿಯೇ ಕಳಿಸಬೇಕು. ಜೊತೆಗೆ ಗುರುತಿಗೊಂದು ಅಂಗಡಿ ಬೋರ್ಡು, ನೋಡಿದ ಸಮಯ. ರಾತ್ರಿ 11ಕ್ಕೆ ಶಟರ್ ಮುಂದೆ ಮಲಗಿದ್ದವರು ಬೆಳಿಗ್ಗೆ ಅಂಗಡಿ ತೆರೆಯುವ ಮೊದಲೇ ಎದ್ದು ಹೋಗಿರುತ್ತಾರೆ. ದಿನಾಂಕವಿಲ್ಲದ ಪೋಸ್ಟ್ ಮಾತ್ರ ತಿಂಗಳುಗಟ್ಟಲೆ ಸುತ್ತುತ್ತಲೇ ಇರುತ್ತದೆ.

ಮೊದಲು ಅವರನ್ನೇ ಕೇಳಿ; ಬೇಡ ಎಂದರೆ ಬೇಡ. ಮುಖ ತೋರಿಸಬೇಡಿ. ಮಕ್ಕಳದ್ದಂತೂ ಹಾಕಲೇಬಾರದು: ಬಾಲನ್ಯಾಯ ಕಾಯ್ದೆ 2015ರ ಕಲಂ 74ರಡಿ 6 ತಿಂಗಳವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಪೋಸ್ಟ್‌ಗಿಂತ ಮೊದಲು ಕರೆ ಮಾಡಿ: ಮಕ್ಕಳಿಗೆ 1098, ಹಿರಿಯರಿಗೆ 14567 (ಬೆಳಿಗ್ಗೆ 8ರಿಂದ ರಾತ್ರಿ 8), ಪ್ರಜ್ಞೆ ತಪ್ಪಿದ್ದರೆ 112.