ಆ ಹನ್ನೆರಡನೇ ಸಂಪುಟ ಊರಲ್ಲೇ ಉಳಿಯಲಿ

ಕಾಸರಗೋಡಿನ ಕುಂಬಳೆ ಹತ್ತಿರ ಗೆಳೆಯನ ತರವಾಡು ಮನೆ, ಅಂದರೆ ಕುಟುಂಬದ ಮೂಲ ಮನೆ. ಹಂಚು ಬದಲಿಸುವ ಮೊದಲು ಅಟ್ಟ ಖಾಲಿ ಮಾಡೋಣ ಅಂತ ಹೋಗಿದ್ದೆ. ಅವನ ಮುತ್ತಜ್ಜ ವಕೀಲರಾಗಿದ್ದವರು. ಅಡಿಕೆ ಗೋಣಿಗಳ ಹಿಂದೆ ಒಂದು ಮರದ ಪೆಟ್ಟಿಗೆ, ಅದರೊಳಗೆ ಹಳೆ ಕಾನೂನು ಪುಸ್ತಕಗಳು. ಹೆಚ್ಚಿನವು ಗೆದ್ದಲಿಗೆ ಹೋಗಿವೆ. ಒಂದು ಮಾತ್ರ ಗಟ್ಟಿಯಾಗಿದೆ: ಬಾಂಬೆ ಹೈಕೋರ್ಟ್ ರಿಪೋರ್ಟ್ಸ್, 12ನೇ ಸಂಪುಟ. ಬೆನ್ನಿನ ಚರ್ಮ ಮುಟ್ಟಿದರೆ ಕೆಂಪು ಪುಡಿ ಬೆರಳಿಗೆ ಹತ್ತುತ್ತದೆ. ಪುಟಗಳು ಸರಿಯಾಗಿವೆ.

ಅದರ ಕೊನೆಯಲ್ಲಿ ಅನುಬಂಧವಾಗಿ ಒಂದು ದೊಡ್ಡ ತೀರ್ಪಿದೆ. ವ್ಯಾಕುಂಟ ಬಾಪೂಜಿ ಮತ್ತು ಬೊಂಬಾಯಿ ಸರಕಾರದ ನಡುವಿನ ಮೊಕದ್ದಮೆ, 1875. ಕೆನರಾ ಭೂಮಿ ಕೇಸ್ ಅಂತ ವಕೀಲರು ಹೇಳುವುದು ಇದನ್ನೇ. ಕೆನರಾ ಅಂದರೆ ಆಗಿನ ನಮ್ಮ ಕರಾವಳಿ ಜಿಲ್ಲೆ. ಅಲ್ಲೇ ನೆಲದ ಮೇಲೆ ಕೂತು ಓದಲು ಶುರು ಮಾಡಿದೆ. ಮಧ್ಯಾಹ್ನದ ಊಟಕ್ಕೆ ಮೂರು ಸಲ ಕರೆಯಬೇಕಾಯಿತು.

ಜಗಳ ಇಷ್ಟೇ. ನೆಲ ಯಾರದು? ತೀರ್ವೆ, ಅಂದರೆ ಭೂಕಂದಾಯ, ಎಷ್ಟು ಅಂತ ನಿಗದಿ ಮಾಡುವವರು ಯಾರು? 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕೆನರಾ ಜಿಲ್ಲೆ ಈಸ್ಟ್ ಇಂಡಿಯಾ ಕಂಪೆನಿಯ ಕೈಗೆ ಬಂತು. ಮೊದಲ ಕಲೆಕ್ಟರ್ ಥಾಮಸ್ ಮನ್ರೋ. ಈ ಜಿಲ್ಲೆಯಲ್ಲಿ ಭೂಮಿ ಸರಕಾರದ್ದಲ್ಲ, ಹಿಂದಿನಿಂದಲೂ ಖಾಸಗಿ ಆಸ್ತಿ ಅಂತ ಅವನು 1800ರಲ್ಲೇ ಬರೆದು ಕಳಿಸಿದ. ಜನ ಅದನ್ನು ಮಾರುತ್ತಿದ್ದರು, ಅಡವು ಇಡುತ್ತಿದ್ದರು, ಮಕ್ಕಳಿಗೆ ಬಿಟ್ಟು ಹೋಗುತ್ತಿದ್ದರು. ವಿಜಯನಗರದ ಕಾಲದ ಕಂದಾಯಕ್ಕೆ ‘ರೇಖೆ’ ಅಂತ ಹೆಸರು. ಅದರ ಮೇಲೆ ಬಿದನೂರಿನ ನಾಯಕರು, ಆಮೇಲೆ ಹೈದರ್, ಟಿಪ್ಪು ಏರಿಸಿದ್ದು ‘ಶಾಮಿಲು’. ಹೊರೆ ಎಲ್ಲಿಂದ ಜಾಸ್ತಿ ಆಯಿತು ಅಂತ ಈ ಎರಡೇ ಮಾತಲ್ಲಿ ಗೊತ್ತಾಗುತ್ತದೆ, ಅಲ್ವಾ?

ಕಂಪೆನಿ ಬಂದ ಮೇಲೂ ಹೊರೆ ತಗ್ಗಲಿಲ್ಲ ಅನ್ನುವುದಕ್ಕೆ 1830–31ರ ಕೂಟಗಳೇ ಸಾಕ್ಷಿ. ರೈತರು ಊರೂರಲ್ಲಿ ಕೂಟ ಸೇರಿ ತೀರ್ವೆ ಕಟ್ಟುವುದಿಲ್ಲ ಅಂದರು. ಕದ್ರಿ ದೇವಸ್ಥಾನದಲ್ಲಿ ದೊಡ್ಡ ಕೂಟವೇ ಸೇರಿತ್ತು. ನಮ್ಮ ಶಾಲೆಯ ಪಾಠದಲ್ಲಿ ಇದರ ಒಂದು ಸಾಲೂ ಇರಲಿಲ್ಲ.

ಮುಂದೆ ಕೆನರಾವನ್ನು ಎರಡು ಮಾಡಿದರು. ಉತ್ತರದ ಭಾಗ 1862ರಲ್ಲಿ ಬೊಂಬಾಯಿಗೆ ಹೋಯಿತು. ನಾವು, ಆಗಿನ ಬೇಕಲ ತಾಲೂಕಿನವರು, ದಕ್ಷಿಣ ಕನ್ನಡದ ಜೊತೆ ಮದರಾಸಿನಲ್ಲೇ ಉಳಿದೆವು. ಬೊಂಬಾಯಿ ಸರಕಾರ ಹೊಸ ಸರ್ವೆ ಮಾಡಿಸಿ ತೀರ್ವೆ ಏರಿಸಿತು. ಅಲ್ಲಿನ ವರ್ಗದಾರರು, ಅಂದರೆ ಸರಕಾರಕ್ಕೆ ತೀರ್ವೆ ಕಟ್ಟುವ ಜಮೀನುದಾರರು, ಕೋರ್ಟಿಗೆ ಹೋದರು. ಮುಖ್ಯ ನ್ಯಾಯಾಧೀಶ ವೆಸ್ಟ್ರಾಪ್ ಈ ಕರಾವಳಿಯ ಮೂಲಿ ಹಕ್ಕಿನ, ಅಂದರೆ ಭೂಮಿಯ ಮೂಲ ಒಡೆತನದ, ಚರಿತ್ರೆಯನ್ನೇ ಕೆದಕಿ ಬರೆದರು. ಹಕ್ಕು ವಂಶಪಾರಂಪರ್ಯವಾದದ್ದು, ಪರಭಾರೆ ಮಾಡಬಹುದಾದದ್ದು ಅಂತ ಒಪ್ಪಿದರು. ತೀರ್ವೆ ಏರಿಸುವ ಅಧಿಕಾರ ಮಾತ್ರ ಸರಕಾರದ ಕೈಯಲ್ಲೇ ಉಳಿಯಿತು. ಭೂಮಿ ನಿನ್ನದು, ಆದರೆ ಅದರ ಭಾರ ಎಷ್ಟು ಅಂತ ಹೇಳುವವನು ನೀನಲ್ಲ. ಓದಿ ನನಗೆ ಸಿಟ್ಟು ಬಂತು. 150 ವರ್ಷ ಹಿಂದಿನ ತೀರ್ಪಿಗೆ ಈಗ ಸಿಟ್ಟು ಯಾಕೆ ಅಂತ ಕೇಳಬೇಡಿ, ಬಂತು.

ಇದರಲ್ಲಿ ನಮ್ಮ ಮನೆ ಮಾತುಗಳೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ಸಿಕ್ಕಿಕೊಂಡಿವೆ. ವರ್ಗ ಅನ್ನುವುದು ಡಬ್ಲ್ಯು ಅಕ್ಷರದಿಂದ ಶುರುವಾಗುತ್ತದೆ. ಮೂಲಿ, ಗೇಣಿ ಎಲ್ಲ ದೊರೆಗಳ ನಾಲಿಗೆಗೆ ಸಿಕ್ಕ ಹಾಗೆ ಇವೆ. ಜೋರಾಗಿ ಓದಿದರೆ ಮಾತ್ರ ಅಜ್ಜಿಯ ಬಾಯಲ್ಲಿ ಕೇಳಿದ ಶಬ್ದ ಆಗುತ್ತದೆ. ಈಗ ನಾವಿರುವ ಕೇರಳದಲ್ಲಿ 1970ರ ಜನವರಿ 1ಕ್ಕೆ ಗೇಣಿ ಪದ್ಧತಿ ಹೋಯಿತು. ಗೇಣಿ ಮಾಡಿದವನಿಗೆ ನೆಲ ಸಿಕ್ಕಿದ್ದು ಸರಿಯೇ, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಪದ್ಧತಿಯ ಜೊತೆ ಮಾತೂ ಹೋಯಿತು. ಕಾಯಂ ಆದ ಮೂಲಗೇಣಿಗೂ ಬಿಡಿಸಬಹುದಾದ ಚಾಲಗೇಣಿಗೂ ಏನು ವ್ಯತ್ಯಾಸ ಅಂತ ನನ್ನ ಮಗಳಿಗೆ ಗೊತ್ತಿಲ್ಲ. ಮನೆಯ ಹಳೆ ಪತ್ರ ಕನ್ನಡದಲ್ಲಿದೆ, ಈಗಿನ ಕಾಗದಗಳು ಮಲಯಾಳದಲ್ಲಿ. ಕುಮ್ಕಿ ಅನ್ನುವುದು ಮಾತ್ರ ಇನ್ನೂ ಜೀವಂತ ಇದೆ, ಸೊಪ್ಪು ಸೌದೆ ತರುವ ಗುಡ್ಡ ಆದ್ದರಿಂದ.

ಪುಸ್ತಕದ ಒಂದು ಪುಟ ಹೇಳಲೇಬೇಕು. ಮೂಲಿ ಹಕ್ಕಿನ ಮಾತು ಬರುವ ಕಡೆ, ಅಂಚಿನಲ್ಲಿ ಪೆನ್ಸಿಲಿನಿಂದ ಸಣ್ಣ ಕನ್ನಡ ಅಕ್ಷರ: “ಅಜ್ಜನ ಮೂಲಗೇಣಿ ಚೀಟಿ ನೋಡು.” ಕೆಳಗೆ ಎರಡು ಗೆರೆ. ಎರಡನೇ ಗೆರೆ ಒತ್ತಿ ಎಳೆದದ್ದು, ಪುಟ ತಿರುಗಿಸಿದರೆ ಹಿಂದೆ ಉಬ್ಬಿದೆ. ಆ ವಕೀಲರು ಬೊಂಬಾಯಿಯ ತೀರ್ಪು ಓದುತ್ತಾ ತಮ್ಮದೇ ಮನೆಯ ಚೀಟಿ ನೆನಪಿಸಿಕೊಂಡಿದ್ದಾರೆ. ಬೆರಳಿಟ್ಟು ಸುಮ್ನೆ ಕೂತೆ.

ಈಗ ಒಬ್ಬ ಹಳೆ ಪುಸ್ತಕದ ವ್ಯಾಪಾರಿ ಗೆಳೆಯನಿಗೆ ದಿನಾ ಫೋನ್ ಮಾಡುತ್ತಿದ್ದಾನೆ. ಅನುಬಂಧ ಬಿಡಿಸಿ ಬೇರೆ ಬೈಂಡ್ ಮಾಡಿ ಮಾರಿದರೆ ಜಾಸ್ತಿ ಹಣ ಬರುತ್ತದಂತೆ. ಗೆಳೆಯನಿಗೆ ಮನೆ ರಿಪೇರಿಗೆ ದುಡ್ಡು ಬೇಕು, ಅವನ ಕಷ್ಟ ನನಗೆ ಅರ್ಥ ಆಗುತ್ತದೆ. ಆದರೂ ಮಾರಬೇಡ ಅಂದೆ. ತೀರ್ಪು ಬೇರೆ ಲೈಬ್ರರಿಯಲ್ಲೂ ಸಿಗಬಹುದು. ಪೆನ್ಸಿಲ್ ಗೆರೆ ಅಲ್ಲಿ ಸಿಗುವುದಿಲ್ಲ. ಯಾರೋ ದೂರದ ಶೋಕೇಸಿನಲ್ಲಿ ಇಟ್ಟರೆ ಆ ಚೀಟಿ ಯಾವುದು, ಆ ಅಜ್ಜ ಯಾರು ಅಂತ ಕೇಳುವವರು ಅಲ್ಲಿ ಯಾರಿರುತ್ತಾರೆ?

ಅವನು ಒಪ್ಪಿದ್ದಾನೆ, ಸದ್ಯಕ್ಕೆ. ಹಂಚಿನ ಖರ್ಚಿಗೆ ನಾವು ನಾಲ್ಕು ಜನ ಸೇರಿ ಕೈಲಾದದ್ದು ಕೊಡುತ್ತೇವೆ. ಬರುವ ಭಾನುವಾರ ಪುಟ ಪುಟ ಫೋಟೋ ತೆಗೆಯುತ್ತೇವೆ, ಅಂಚಿನ ಬರಹ ಸಮೇತ. ಆಮೇಲೆ ಮೂಲಿ ಹಕ್ಕಿನ ಭಾಗವನ್ನು ಕನ್ನಡಕ್ಕೆ ತರಬೇಕು. ಕಾನೂನು ಗೊತ್ತಿರುವವರು ಜೊತೆಗೆ ಬನ್ನಿ. ಮಂಜೇಶ್ವರ, ಬದಿಯಡ್ಕ, ಪೆರ್ಲ ಕಡೆಯವರೇ, ನಿಮ್ಮ ಅಟ್ಟದಲ್ಲೂ ಗೇಣಿ ಚೀಟಿ, ಶಾನುಭೋಗರ ಕಡತ ಇದ್ದರೆ ಒಲೆಗೆ ಹಾಕಬೇಡಿ. ಒಂದು ಮೆಸೇಜ್ ಹಾಕಿ, ನಾನೇ ಬರುತ್ತೇನೆ. ಆ ಪೆಟ್ಟಿಗೆಯಲ್ಲಿ ಮೂಲಗೇಣಿ ಚೀಟಿ ಇರಲಿಲ್ಲ. ಇನ್ನೂ ಎರಡು ಪೆಟ್ಟಿಗೆ ತೆರೆಯಲು ಬಾಕಿ ಇದೆ.